ಹಲಗೆಯ ದಪ್ಪ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಅಂಬಾಲಾದ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿದ್ದ ಕಪಾಟಿನ ಬಾಗಿಲು ಹಸಿರು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಣ್ಣ ಅದು ಬೂದು ಬಣ್ಣದ್ದು ಅನ್ನುತ್ತಾನೆ. ನನಗಾಗ ಏಳು ವರ್ಷ, ಅಥವಾ ಎಂಟು. ಅಪ್ಪ ಸೈನ್ಯದಲ್ಲಿದ್ದರು, ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಾಗುತ್ತಿತ್ತು. ಹಾಗೆ ಬೆಳೆದವರ ನೆನಪುಗಳೂ ಸಾಮಾನಿನ ಜೊತೆಗೇ ಲಾರಿ ಹತ್ತಿ ಇಳಿದು, ಒಂದು ಊರಿನದು ಇನ್ನೊಂದು ಊರಿನ ಪೆಟ್ಟಿಗೆಯಲ್ಲಿ ಸೇರಿಕೊಂಡಿರುತ್ತವೆ. ನನ್ನ ಅಂಬಾಲಾದಲ್ಲಿ ಝಾನ್ಸಿಯ ಒಂದು ಕಿಟಕಿ ಇದೆ ಎಂದು ನನಗೆ ಬಹಳ ದಿನದ ಅನುಮಾನ.

ಆದರೆ ಆ ಕಪಾಟನ್ನು ಅಪ್ಪ ಮಾಡಿದ್ದು ಎಂಬುದರಲ್ಲಿ ಮಾತ್ರ ನನಗೆ ಅನುಮಾನವೇ ಇರಲಿಲ್ಲ. ಸಾಮಾನು ತುಂಬಿ ಬಂದ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಬಿಚ್ಚಿ, ಆ ಹಲಗೆಗಳಿಂದಲೇ ಮಾಡಿದ್ದು. ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ಲು, ಮುಂಗೈಗೆ ಮೆತ್ತಿದ ಮರದ ಪುಡಿ, ಮೊಳೆಗಳಿದ್ದ ಒಂದು ತಟ್ಟೆ, ಇವು ಈಗಲೂ ನನ್ನ ಕಣ್ಣ ಮುಂದಿವೆ. ಅಪ್ಪ ತೀರಿಕೊಂಡ ಮೊದಲ ವರ್ಷದ ತಿಥಿಯ ಊಟದಲ್ಲಿ ನೆಂಟರ ಮುಂದೆ ಇದನ್ನೆಲ್ಲ ವಿವರವಾಗಿ ಹೇಳಿದೆ. ಇಬ್ಬರು ಕಣ್ಣೊರೆಸಿಕೊಂಡರು. ಅಮ್ಮ ಪಾಯಸದ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಹೇಳುವವಳು ಹೇಳಲಿ ಎಂಬಂತೆ ಮುಂದಿನ ಎಲೆಗೆ ಹೋದಳು.

ನಾನು ಓದಿದ್ದು ಇತಿಹಾಸ. ಒಂದೇ ಸಾಕ್ಷಿಯನ್ನು ನಂಬಬೇಡಿ, ಸಾಕ್ಷಿ ನೀವೇ ಆಗಿದ್ದರಂತೂ ನಂಬಲೇಬೇಡಿ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅದಕ್ಕೇ ಡೈರಿ ಬರೆಯುತ್ತೇನೆ. ಡೈರಿ ಬರೆಯುವುದೂ ನನ್ನದೇ ಕೈ ಎಂಬುದು ಹೊಳೆಯುವುದಕ್ಕೆ ನಾನು ಈ ಚಳಿಗಾಲದವರೆಗೆ ಕಾಯಬೇಕಾಯಿತು.

ನಮ್ಮದು ನೋಯ್ಡಾದಲ್ಲಿ ಎಂಟನೇ ಮಹಡಿಯ ಫ್ಲ್ಯಾಟು. ಬಿಲ್ಡರು ಅಡುಗೆಮನೆಯಲ್ಲಿ ಕೂರಿಸಿಕೊಟ್ಟಿದ್ದ ಕಪಾಟುಗಳು ಮರದ್ದೆಂದು ನಾವು ತಿಳಿದಿದ್ದೆವು. ಸಿಂಕಿನ ಕೊಳವೆ ಸೋರಲು ಶುರುವಾದ ಮೇಲೆ ಅವು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಊದಿಕೊಂಡು, ಒಂದು ಬೆಳಿಗ್ಗೆ ಬಾಗಿಲು ತಿರುಪಿನ ಸಮೇತ ಕೈಗೇ ಬಂತು. ಮಾಡ್ಯುಲರ್ ಕಿಚನ್ನಿನವನೊಬ್ಬ ಬಂದು ನೋಡಿದ. ಎಲ್ಲಕ್ಕೂ ಸ್ಟ್ಯಾಂಡರ್ಡ್ ಸೈಜ್ ಇದೆ ಮೇಡಮ್ ಅಂದ. ನನ್ನ ಅಮ್ಮನಿಗೂ ಸ್ಟ್ಯಾಂಡರ್ಡ್ ಸೈಜ್ ಇದೆಯೇನಪ್ಪ ಎಂದು ಕೇಳುವ ಮನಸ್ಸಾಯಿತು. ಆದರೆ ಆ ದಿನ ಆಫೀಸಿನಿಂದ ಬಂದು ಸುಸ್ತಾಗಿತ್ತು. ಸುಸ್ತಾದಾಗ ನನ್ನ ಒಳ್ಳೆಯ ಮಾತುಗಳೆಲ್ಲ ಒಳಗೇ ಉಳಿದುಬಿಡುತ್ತವೆ.

ಅಮ್ಮನ ವಿಷಯ ಹೇಳಬೇಕು. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದವಳು ಮಂಡಿಯ ಆಪರೇಷನ್ನಾದ ಮೇಲೆ ನನ್ನ ಮನೆಗೆ ಬಂದಳು. ಜೊತೆಗೆ ಅವಳ ಕರಿ ಟ್ರಂಕು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ನಂಬರು, ಅದರ ಕೆಳಗೆ ಹೋಗಬೇಕಾದ ಊರು. ಪ್ರತಿ ವರ್ಗಕ್ಕೂ ಹಳೆಯ ಊರಿನ ಮೇಲೆ ಕರಿ ಬಳಿದು ಹೊಸದನ್ನು ಬರೆಯುತ್ತಿದ್ದರಿಂದ ಆ ಜಾಗ ಈಗ ದೋಸೆಯಷ್ಟು ದಪ್ಪವಾಗಿದೆ. ಅಮ್ಮ ಬಂದು ಎಂಟು ತಿಂಗಳಾದರೂ ತನ್ನ ಪಾತ್ರೆಗಳನ್ನು ಆ ಟ್ರಂಕಿನಲ್ಲೇ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಕಾಫಿ ಫಿಲ್ಟರು ತೆಗೆಯುವಳು, ತೊಳೆದು, ಒರೆಸಿ, ಪತ್ರಿಕೆಯಲ್ಲಿ ಸುತ್ತಿ ಮತ್ತೆ ಒಳಗಿಡುವಳು. ಹಿತ್ತಾಳೆ ಬೋಗುಣಿ, ಒಗ್ಗರಣೆ ಸೌಟು, ಸಾರಿನಪುಡಿ ಡಬ್ಬಿ, ಎಲ್ಲಕ್ಕೂ ಅದೇ ಉಪಚಾರ.

"ಹೊರಗೇ ಇಡಮ್ಮಾ," ಅಂದರೆ, "ಇರ್ಲಿ ಬಿಡೆ. ನಿಮ್ಮಿಬ್ಬರ ಮನೆ ಮಧ್ಯೆ ನನ್ನ ಪೋಸ್ಟಿಂಗು. ಆರ್ಡರ್ ಬಂದ್ರೆ ಕಟ್ಟೋಕೆ ಸುಲಭ," ಎಂದು ನಗುತ್ತಿದ್ದಳು.

ಅವಳಿಗೆ ಅದು ತಮಾಷೆ. ನನಗೆ ದಿನಾ ಬೆಳಿಗ್ಗೆ ಟ್ರಂಕಿನ ಚಿಲಕದ ಸದ್ದು ಕೇಳಿದಾಗ ನನ್ನ ಮನೆ ಒಂದು ವೇಟಿಂಗ್ ರೂಮು ಅನ್ನಿಸುತ್ತಿತ್ತು. ಊದಿಕೊಂಡ ಕಪಾಟನ್ನು ಕಿತ್ತೆಸೆದ ದಿನ ತೀರ್ಮಾನಿಸಿದೆ: ಅಮ್ಮನ ಅಳತೆಗೆ ಒಂದು ಕಪಾಟಾಗಬೇಕು, ಆ ಟ್ರಂಕು ಖಾಲಿಯಾಗಬೇಕು.

ಬಡಗಿಯನ್ನು ಗೊತ್ತು ಮಾಡಿದೆ. ಅಷ್ಟರಲ್ಲಿ ಊರಿನ ಗಾಳಿ ಕೆಟ್ಟಿತು. ಪ್ರತಿ ಚಳಿಗಾಲದ ಹಾಗೆ ಕಟ್ಟಡ ಕೆಲಸ ನಿಲ್ಲಿಸಬೇಕೆಂಬ ಆದೇಶ ಬಂತು. ನಮ್ಮ ಸೊಸೈಟಿಯವರು ಅದಕ್ಕೆ ತಮ್ಮದೂ ಒಂದಷ್ಟು ಸೇರಿಸಿ, ಫ್ಲ್ಯಾಟಿನೊಳಗೂ ಕತ್ತರಿಸುವ, ಕೊರೆಯುವ ಯಂತ್ರ ಓಡಿಸಬಾರದೆಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದರು. ಬಡಗಿಯನ್ನು ಗಾರ್ಡು ಗೇಟಿನಿಂದಲೇ ವಾಪಸು ಕಳಿಸಿದ. ಕಿಟಕಿಯಾಚೆ ಎದುರಿನ ಟವರೇ ಕಾಣದಂಥ ಹೊಗೆಯಲ್ಲಿ ನಿಂತು ನಾನು ಅಂದುಕೊಂಡೆ: ಕೈಗರಗಸಕ್ಕೆ ನಿಷೇಧವಿಲ್ಲವಲ್ಲ. ಅಪ್ಪನ ಕೈ ನನಗೂ ಬಂದಿದ್ದರೆ?

ಗಂಡ ಮಹೇಶನಿಗೆ ಹೇಳಿದೆ. ಅವನು ದಿನಾ ದೂರದ ಮಾನೇಸರಿನ ಕಾರ್ಖಾನೆಗೆ ಹೋಗಿ ಬಂದು, ಬದುಕಿನ ಯಾವ ಪ್ರಶ್ನೆಗೂ ಎದುರಾಡುವ ಶಕ್ತಿ ಉಳಿಸಿಕೊಂಡಿರುವುದಿಲ್ಲ. "ಚಲೋ, ಬೆರಳು ಹುಷಾರು," ಅಂದ. ಅನುಮತಿ ಸಿಕ್ಕಿತೆಂದು ತಿಳಿದುಕೊಂಡೆ.

ಅಣ್ಣನಿಗೂ ಫೋನು ಮಾಡಿ, ಅಪ್ಪನ ಕಪಾಟಿನ ನೆನಪಿನಲ್ಲಿ ನಾನೂ ಒಂದು ಮಾಡುತ್ತಿದ್ದೇನೆಂದು ಹೇಳಿದೆ.

"ಅಪ್ಪ ಮಾಡಿದ್ದಾ? ಅವರಿಗೆ ಕ್ಯಾಲೆಂಡರಿಗೆ ಮೊಳೆ ಹೊಡಿಯೋಕೂ ಬರ್ತಿರ್ಲಿಲ್ಲ ಕಣೆ. ಅದು ಯೂನಿಟ್ಟಿನ ಕಾರ್ಪೆಂಟರ್ ಬಂದು ಮಾಡಿಕೊಟ್ಟಿದ್ದು."

"ನೀನು ನೋಡಿದ್ಯಾ?"

"ನೋಡ್ಲಿಲ್ಲ. ಮತ್ತಿನ್ಯಾರು ಮಾಡ್ತಾರೆ?"

ಅವನದು ಊಹೆ, ನನ್ನದು ಕಣ್ಣಾರೆ ಕಂಡದ್ದು ಎಂದು ಸಮಾಧಾನ ಮಾಡಿಕೊಂಡೆ.

ಮೂರು ವಾರ ವಿಡಿಯೋ ನೋಡಿದೆ. ಆ ವಿಡಿಯೋಗಳಲ್ಲಿ ಯಾರಿಗೂ ಬೆವರು ಬರುವುದಿಲ್ಲ, ಯಾರ ಗೋಡೆಯೂ ಸೊಟ್ಟಗಿರುವುದಿಲ್ಲ. ಅಮ್ಮನನ್ನು ಅಡುಗೆಕಟ್ಟೆಯ ಮುಂದೆ ನಿಲ್ಲಿಸಿ, ಬಗ್ಗದೆ ಕೈ ಇಳಿಬಿಡು ಅಂದೆ. ಬೆರಳ ತುದಿ ಬಂದಲ್ಲಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿದೆ. ಅಡ್ಡಹಲಗೆ ಅಲ್ಲಿ ಬರಬೇಕು. ನಮ್ಮ ಅಜ್ಜಿಯರು ನೆಲದ ಮೇಲೆ ಕೂತು ಅಡುಗೆ ಮಾಡಿದವರು. ಕೈಗೆ ಎಟುಕುವಷ್ಟೇ ಅವರ ಅಡುಗೆಮನೆ. ನಿಂತು ಅಡುಗೆ ಮಾಡಲು ಶುರುವಾದ ಮೇಲೆ ಹೆಂಗಸರ ಎತ್ತರವನ್ನು ಯಾರೋ ಗಂಡಸರು ಅಂದಾಜಿನಲ್ಲಿ ತೀರ್ಮಾನಿಸಿದ್ದಾರೆ ಎಂಬ ನನ್ನ ಸಿದ್ಧಾಂತವನ್ನು ಅಮ್ಮನಿಗೆ ವಿವರಿಸಿದೆ. "ಇದು ಮುಗಿಯೋವರೆಗೂ ಕೈ ಹೀಗೇ ಇಳಿಬಿಟ್ಟಿರಬೇಕಾ?" ಎಂದು ಕೇಳಿದಳು.

ಬೇಕಾದ ಹಲಗೆಗಳ ಪಟ್ಟಿಯನ್ನು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿ ಏನೋ ಕೇಳಿದಳು. "ಅಮ್ಮಾ, ನಾನು ವಿಡಿಯೋ ನೋಡಿದ್ದೀನಿ," ಅಂದೆ.

ಪ್ಲೈವುಡ್ಡಿನ ಅಂಗಡಿಯವನಿಗೆ ಪಟ್ಟಿ ಕೊಟ್ಟರೆ, "ಮೇಡಮ್, ಯೇ ಎಂಎಂ ಛೋಡೋ, ಸೂತ್ ಮೇಂ ಬತಾಓ," ಅಂದ, ಮಿಲಿಮೀಟರು ಬಿಟ್ಟು ಸೂತಿನಲ್ಲಿ ಹೇಳಿ ಎಂದು. ಒಂದು ಇಂಚನ್ನು ಎಂಟು ಭಾಗ ಮಾಡಿದರೆ ಅದರಲ್ಲೊಂದು ಸೂತು. ಇಲ್ಲಿಯ ಬಡಗಿಗಳ ಲೆಕ್ಕವೆಲ್ಲ ಅದರಲ್ಲೇ. ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಡಿಯವನು ನನ್ನ ಅಜ್ಞಾನವನ್ನು ಕ್ಷಮಿಸಿ, ನಾನು ಬರೆದಂತೆಯೇ ಕತ್ತರಿಸಿ ಕಳಿಸಿದ.

ಶನಿವಾರ ಬಾಲ್ಕನಿಯಲ್ಲಿ ಜೋಡಿಸಿ ನೋಡಿದೆ. ಮೇಲೊಂದು, ಕೆಳಗೊಂದು, ಮಧ್ಯೆ ಅಡ್ಡಹಲಗೆ, ಪಕ್ಕಕ್ಕೆರಡು. ತಿರುಪು ಹಾಕುವ ಮುಂಚೆ ಜಾಗಕ್ಕೆ ಒಪ್ಪುತ್ತದೋ ನೋಡೋಣವೆಂದು ಹಗ್ಗ ಕಟ್ಟಿ, ಮಹೇಶನ ಕೈಲಿ ಹೊರಿಸಿ ಒಳಗೆ ತಂದೆ. ಅಡುಗೆಕಟ್ಟೆಯ ಕೆಳಗೆ ಗೋಡೆಗೂ ಕಲ್ಲಿನ ಕಂಬಕ್ಕೂ ನಡುವೆ ಅದು ಹೋಗಲಿಲ್ಲ. ಓರೆ ಮಾಡಿದೆವು, ನೂಕಿದೆವು. ಮಹೇಶ ಒಂದು ಸಲ ಒದ್ದ. ಕಲ್ಲು ಅಲುಗಲಿಲ್ಲ.

ಅಮ್ಮ ಟ್ರಂಕಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಕಣ್ಣೆತ್ತದೆ ಹೇಳಿದಳು: "ಪಕ್ಕದ ಹಲಗೆ ದಪ್ಪ ಕಳೀಲಿಲ್ಲ ನೀನು. ಈ ಕಡೆ ಆರು ಸೂತು, ಆ ಕಡೆ ಆರು ಸೂತು. ಒಂದೂವರೆ ಇಂಚು ಹೋಯ್ತಲ್ಲ. ಒಳಗಿನ ಅಳತೆಯೋ ಹೊರಗಿನದೋ ಅಂತ ಅವತ್ತೇ ಕೇಳಿದೆ."

ನಾನು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಜಾಗದ ಅಗಲಕ್ಕೆ ಸರಿಯಾಗಿ ಕೆಳಗಿನ ಹಲಗೆ ಬರೆದಿದ್ದೆ. ಅದರ ಎರಡೂ ಪಕ್ಕಕ್ಕೆ ಹಲಗೆಗಳು ನಿಲ್ಲುತ್ತವೆ, ಅವಕ್ಕೂ ಒಂದು ದಪ್ಪವಿರುತ್ತದೆ ಎಂಬುದು, ಎಂ.ಎ. ಮಾಡಿದ, ದಿನವಿಡೀ ಬೇರೆಯವರ ಪಠ್ಯಪುಸ್ತಕಗಳ ತಪ್ಪು ತಿದ್ದುವ ನನಗೆ ಹೊಳೆದಿರಲಿಲ್ಲ. ಆ ಹೊತ್ತಿನಲ್ಲಿ ನನ್ನನ್ನು ಕಾಡಿದ್ದು ಆ ತಪ್ಪೇ. ಅಮ್ಮನ ಬಾಯಲ್ಲಿ ಬಂದ ಸೂತು ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆಮೇಲೆ ಡೈರಿ ತೆರೆದು ಪಟ್ಟಿ ಅಂಟಿಸಿದ ದಿನವನ್ನು ಹುಡುಕಿದೆ. ವಿಡಿಯೋದಲ್ಲಿ ಕಲಿತದ್ದರ ಬಗ್ಗೆ ಒಂದು ಪುಟ ಬರೆದಿದ್ದೆ. ಕೊನೆಯಲ್ಲಿ ಒಂದು ಸಾಲು: ಪಟ್ಟಿ ನೋಡಿ ಅಮ್ಮ ಏನೋ ಕೇಳಿದಳು. ಏನು ಕೇಳಿದಳೆಂದು ಬರೆದಿರಲಿಲ್ಲ. ಅಷ್ಟು ವರ್ಷದ ಡೈರಿಗಳಲ್ಲಿ ಹೀಗೆ ಎಷ್ಟು 'ಏನೋ'ಗಳಿವೆಯೋ, ಹುಡುಕುವ ಧೈರ್ಯವಾಗಲಿಲ್ಲ.

ಮೂರು ಹಲಗೆಗಳಿಂದ ಒಂದೂವರೆ ಇಂಚು ಕೈಯಲ್ಲೇ ಕೊಯ್ಯಬೇಕಾಯಿತು. ಎರಡು ಶನಿವಾರ, ಎರಡು ಭಾನುವಾರ. ಹಲಗೆ ಅಲುಗುತ್ತಿತ್ತು. ಅಮ್ಮ ಬಂದು ಅದನ್ನು ಟ್ರಂಕಿನ ಮೇಲೆ ಇಡಿಸಿ, ಒಂದು ತುದಿಗೆ ತಾನೇ ಹತ್ತಿ ಕೂತಳು. "ಹೂಂ, ಈಗ ಕೊಯ್ಯಿ. ತಡಿ, ತಡಿ. ಮೊದಲು ಚಾಕೂನಲ್ಲಿ ಗೆರೆ ಎಳೆ, ಇಲ್ದಿದ್ರೆ ಪದರ ಎದ್ದು ಬರತ್ತೆ. ಹಾಗೆ ತಳ್ಳಬೇಡ್ವೆ, ಗರಗಸಕ್ಕೆ ಅದರ ಕೆಲಸ ಗೊತ್ತು." ನಾನು ಕೊಯ್ಯುತ್ತಿದ್ದರೆ ಹಲಗೆಯ ಜೊತೆ ಅವಳೂ ಸಣ್ಣಗೆ ನಡುಗುತ್ತಿದ್ದಳು, ಬಟಾಣಿಯ ಬಟ್ಟಲು ಮಡಿಲಲ್ಲೇ ಇತ್ತು. ಇಂಟರ್‌ಕಾಮಿನಲ್ಲಿ ಗಾರ್ಡು ಕೇಳಿದ, ಮೇಡಮ್, ಮಷೀನ್ ಚಲ್ ರಹೀ ಹೈ ಕ್ಯಾ? ಇಲ್ಲ ಭಯ್ಯಾ, ಅಮ್ಮ ಮತ್ತು ನಾನು ಅಂದೆ. ಅವನಿಗೆ ಏನರ್ಥವಾಯಿತೋ, ಅಚ್ಛಾ ಅಂದು ಇಟ್ಟ.

ತಿರುಪುಗಳು ಅರ್ಧಕ್ಕೇ ನಿಂತಾಗ ಅಮ್ಮ ಬಚ್ಚಲಿನಿಂದ ಸೋಪು ತಂದು ಪ್ರತಿ ತಿರುಪಿನ ಮೈಗೂ ಸವರಿ ಕೊಟ್ಟಳು. ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಯಾವ ವಿಡಿಯೋದಲ್ಲೂ ಇದನ್ನು ನೋಡಿರಲಿಲ್ಲ. ಆಗ, ಭುಜ ಎತ್ತಲಾಗದಷ್ಟು ಸೋತು ಗೋಡೆಗೆ ಒರಗಿ ಕೂತಿದ್ದಾಗ, ಅವತ್ತಿನ ಆ ಆರು ಸೂತು ನೆನಪಾಯಿತು. ಆ ಲೆಕ್ಕ ಇವಳಿಗೆ ಎಲ್ಲಿಂದ ಬಂತು?

ಅಂಬಾಲಾವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಪೆನ್ಸಿಲ್ಲು ಇದೆ, ಕಿವಿ ಇದೆ, ಮುಂಗೈಗೆ ಮೆತ್ತಿದ ಪುಡಿ ಇದೆ, ಮೊಳೆಯ ತಟ್ಟೆಯೂ ಇದೆ. ಮುಖವಿಲ್ಲ. ಅಲ್ಲಿ ಅಪ್ಪನ ಮುಖವನ್ನು ಯಾವಾಗಲೋ ನಾನೇ ಕೂರಿಸಿದ್ದಿರಬೇಕು. ಆ ಕಿವಿಯಲ್ಲಿ ಓಲೆ ಇತ್ತೇ ಎಂದು ನೋಡಲು ಹೋದೆ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹುಡುಕಿದರೆ ಯಾವ ಕಿವಿಗೂ ಓಲೆ ಬಂದುಬಿಡುತ್ತದೆ, ಅದನ್ನೂ ನಂಬಲಾರೆ.

ಕಪಾಟು ಈಗ ಅದರ ಜಾಗದಲ್ಲಿದೆ. ಎಡಕ್ಕೆ ಒಂದು ಚೂರು ಸೊಟ್ಟ. ಗೋಡೆ ಸೊಟ್ಟ ಎಂದು ನಾನು ಹೇಳುತ್ತೇನೆ. ಮೊದಲ ದಿನ ಸಾರಿನಪುಡಿ ಡಬ್ಬಿ ಹೇಳದೆ ಕೇಳದೆ ಬಂದು ಅಡ್ಡಹಲಗೆಯ ಮೇಲೆ ಕೂತಿತು. ಮಾರನೆಯ ದಿನ ಬೋಗುಣಿ, ಆಮೇಲೆ ಒಗ್ಗರಣೆ ಸೌಟು. ನಾನು ಕಂಡೂ ಕಾಣದಂತೆ ಓಡಾಡಿದೆ. ಐದನೆಯ ದಿನ ಬೆಳಿಗ್ಗೆ ಚಿಲಕದ ಸದ್ದಿಲ್ಲದೆ ಕಾಫಿಯ ವಾಸನೆ ಬಂತು. ಎದ್ದು ಹೋಗಿ ನೋಡಿದರೆ, ಅಮ್ಮ ಬಗ್ಗದೆ ಕೈ ಇಳಿಬಿಟ್ಟು ಫಿಲ್ಟರು ತೆಗೆದುಕೊಂಡಿದ್ದಳು.

ಕಳೆದ ಭಾನುವಾರ ಬಾಗಿಲು ಕೂರಿಸುವುದೊಂದು ಉಳಿದಿತ್ತು. ನನ್ನ ಸ್ಕ್ರೂಡ್ರೈವರು ತಿರುಪಿನ ತಲೆಯನ್ನು ಸವೆಸುತ್ತಿರುವುದನ್ನು ನೋಡಲಾಗದೆ ಅಮ್ಮ ಎದ್ದು ಹೋಗಿ, ಟ್ರಂಕಿನ ತಳಕ್ಕೆ ಕೈ ಹಾಕಿ ಒಂದು ಬಟ್ಟೆಯ ಸುರುಳಿ ತೆಗೆದಳು. ಅದರಿಂದ ಬಂದದ್ದು ಮರದ ಹಿಡಿಯ ಹಳೆಯ ಸ್ಕ್ರೂಡ್ರೈವರು. ಹಿಡಿ ಕೈಯಾಡಿ ಕೈಯಾಡಿ ಒಂದು ಕಡೆ ತೆಳ್ಳಗಾಗಿತ್ತು. ಅವಳ ಅಂಗೈ ಅಲ್ಲಿ ಸರಿಯಾಗಿ ಕೂತಿತು.

ನಾನು ಬಾಗಿಲು ಹಿಡಿದಿದ್ದೆ. ಅವಳು ಬೆತ್ತದ ಗಿಡ್ಡ ಸ್ಟೂಲಿನ ಮೇಲೆ ಕೂತು ತಿರುಪು ಬಿಗಿಯುತ್ತಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ. ಕೇಳಿದೆ. ಈ ಸಲ ಡೈರಿಯಲ್ಲಿ 'ಏನೋ' ಎಂದು ಬರೆದಿಲ್ಲ, ನನ್ನ ಮಾತನ್ನೂ ಅವಳ ಮಾತನ್ನೂ ಪೂರ್ತಿ ಬರೆದಿಟ್ಟಿದ್ದೇನೆ. ಅವಳು ಹೇಳಿದ್ದು, "ಬಾಗಿಲು ಇಳೀತಿದೆ, ಸ್ವಲ್ಪ ಎತ್ತಿ ಹಿಡಿಯೆ." ನಾನು ಎತ್ತಿ ಹಿಡಿದು ಇನ್ನೊಂದು ಸಲ ಕೇಳಿದೆ. ಅವಳು ಮುಂದಿನ ತಿರುಪಿಗೆ ಸೋಪು ಸವರುತ್ತಿದ್ದಳು.

"ಅಮ್ಮಾ, ಅಂಬಾಲಾದ ಆ ಕಪಾಟು ಮಾಡಿದ್ದು ಯಾರು?"