ಒಂದನೆಯ ಸ್ಥಾನ ಖಾಲಿ ಇದೆ

ಆ ಸೋಮವಾರ ಬೆಳಿಗ್ಗೆ ಅವಳ ಎಡಗಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಇಸ್ತ್ರಿ ಅಂಗಡಿಯ ಮೇಜಿನ ಮೇಲೆ ಐದು ಬಿಳಿ ಅಂಗಿಗಳ ಗಂಟು ಇಟ್ಟ ಹೊಸ ಗಿರಾಕಿ ಆಗತಾನೆ ನಿವೃತ್ತರಾಗಿದ್ದ ಮೇಷ್ಟ್ರು. ಅವರು ಆ ಕಣ್ಣನ್ನು ನೋಡಿದರು. ಆಮೇಲೆ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅವಳ ಗಂಡನನ್ನು ದುರುಗುಟ್ಟಿ ನೋಡಿದರು.

"ಯಾರಮ್ಮಾ ನಿನಗೆ ಹೊಡೆದದ್ದು?"

"ನಂಬರ್ ಐದು, ಸಾರ್."

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಕಡ್ಡಿಯಂತಿದ್ದ ಗಂಡ ಎರಡೂ ಕೈ ಎತ್ತಿಬಿಟ್ಟ. "ನನ್ನ ಕಡೆ ನೋಡ್ಬೇಡಿ ಸಾರ್. ಈ ಮನೇಲಿ ನಾನು ಮಡಚೋನು, ಹೊಡಿಯೋಳು ಅವಳು. ಆ ನಂಬರ್ ಐದು ಹೇಗಿದಾಳೆ ಅಂತ ನೀವು ನೋಡ್ಬೇಕಿತ್ತು!"

ಹೀಗೆ ಪರಿಚಯವಾಯಿತು. ಹಗಲೆಲ್ಲ ಹಬೆಯ ಇಸ್ತ್ರಿಪೆಟ್ಟಿಗೆ ಹಿಡಿಯುವ ಮೂವತ್ತಮೂರು ವರ್ಷದ ಈ ಹೆಂಗಸು ಬೆಳಗಿನ ಐದಕ್ಕೇ ಎದ್ದು, ಹಳೆಯ ಗೋದಾಮಿನೊಳಗಿನ ಅಖಾಡದಲ್ಲಿ ಮರಳು ಚೀಲ ಗುದ್ದುವವಳು. ಐವತ್ತೇಳು ಕಿಲೋ ವರ್ಗದ ಬಾಕ್ಸಿಂಗ್ ಪಟ್ಟಿಯಲ್ಲಿ ಅವಳದು ಮೂರನೆಯ ಹೆಸರು, ಕಣ್ಣಿಗೆ ಹೊಡೆದವಳದು ಐದನೆಯದು. ಅಖಾಡದವರು ಅವಳನ್ನು 'ಬಿಸಿ ಇಸ್ತ್ರಿ' ಎಂದು ಕರೆಯುತ್ತಿದ್ದರು.

ಪಟ್ಟಿಯ ಕಾಗದವನ್ನು ಅವಳು ಗೋಡೆಗೆ ಅಂಟಿಸಿದ್ದಳು. ಬಾಕ್ಸಿಂಗ್ ಮಂಡಳಿ ಅದನ್ನು ತಿಂಗಳಿಗೊಮ್ಮೆ ಹೊರಡಿಸುತ್ತಿತ್ತು: ಮೇಲೆ ಚಾಂಪಿಯನ್, ಕೆಳಗೆ ಹದಿನೈದು ಸಾಲು. ಒಂದನೆಯ ಸಾಲಿನಲ್ಲಿ ಮಾತ್ರ ಹೆಸರಿರಲಿಲ್ಲ.

"ಮೊದಲನೇ ರ‍್ಯಾಂಕ್ ಖಾಲಿ ಬಿಟ್ಟು ಎರಡರಿಂದ ಶುರು ಮಾಡೋ ಶಾಲೆ ಯಾವುದಮ್ಮಾ ಇದು?" ಎಂದರು ಮೇಷ್ಟ್ರು.

"ಸುಮ್ನೆ ಕೊಡಲ್ಲ ಸಾರ್ ಅದನ್ನ. ಚಾಂಪಿಯನ್ನು ತನಗೆ ಬೇಕಾದವರ ಜೊತೆ ಆಡ್ಕೋಬಹುದು. ಆದ್ರೆ ವರ್ಷಕ್ಕೆ ಒಂದು ಸಲ ಮಂಡಳಿ ಹೇಳಿದವರ ಜೊತೆ ಆಡ್ಲೇಬೇಕು, ಇಲ್ಲಾಂದ್ರೆ ಪಟ್ಟ ಹೋಗುತ್ತೆ. ಹಾಗೆ ಮಂಡಳಿ ಹೇಳೋರೇ ಕಡ್ಡಾಯ ಸವಾಲುಗಾರ್ತಿ. ಎರಡು, ಮೂರು ನಂಬರಿನವರಿಗೆ ಒಂದು ಅರ್ಹತಾ ಪಂದ್ಯ ಇಡ್ತಾರೆ. ಗೆದ್ದೋಳು ಆ ಖಾಲಿ ಒಂದನೇ ಕುರ್ಚಿ ಮೇಲೆ ಕೂರ್ತಾಳೆ."

"ಸೋತೋಳು?"

"ಇಸ್ತ್ರಿ ಮಾಡ್ತಾಳೆ," ಎಂದ ಗಂಡ.

"ಗೆದ್ದೋಳೂ ಮಾಡ್ತಾಳೆ, ನೀನು ಆ ದಿಂಬಿನ ಚೀಲ ನೋಡ್ಕೋ," ಎಂದಳು ಇವಳು.

ಮಾತು ಹಗುರವಾಗಿದ್ದರೂ ಒಳಗೆ ಕಾತರವಿತ್ತು. ಮೂವತ್ತನಾಲ್ಕು ದಾಟಿದ ಮೇಲೆ ಕಾಲುಗಳು ಹೇಳಿದ ಮಾತು ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಪಟ್ಟದ ಪಂದ್ಯಕ್ಕೆ ಅವಳಂಥವಳನ್ನು ಯಾವ ಚಾಂಪಿಯನ್ನೂ ಪ್ರೀತಿಯಿಂದ ಕರೆಯುವುದಿಲ್ಲ. ಆ ಖಾಲಿ ಸಾಲೊಂದೇ ದಾರಿ.

ಅರ್ಹತಾ ಪಂದ್ಯಕ್ಕೆ ಮುಂಚೆ ಕೈ ಜಡ್ಡುಗಟ್ಟದಿರಲಿ ಎಂದು ಅಖಾಡದ ಕೋಚ್ ಒಂದು ಸಣ್ಣ ಪಂದ್ಯ ಗೊತ್ತುಮಾಡಿದರು. ಹಿಂದಿನ ದಿನ ತೂಕ ನೋಡುವಾಗ ಎದುರಾಳಿ ಐವತ್ತೊಂಬತ್ತು ಕಿಲೋ ಇದ್ದಳು. ಹನ್ನೆರಡು ತಾಸು ಬಸ್ಸಿನಲ್ಲಿ ಬಂದಿದ್ದ ಆ ಹುಡುಗಿ ತಕ್ಕಡಿಯ ಮೇಲೇ ಅತ್ತುಬಿಟ್ಟಳು. ಬಂದವರನ್ನು ಬರಿಗೈಲಿ ಕಳಿಸಬಾರದೆಂಬುದು ಅಖಾಡದ ಹಳೆಯ ಮರ್ಯಾದೆ. ಕೋಚ್ ಕರಾರಿನಲ್ಲಿದ್ದ ಐವತ್ತೇಳನ್ನು ಹೊಡೆದುಹಾಕಿ, ಐವತ್ತೊಂಬತ್ತು ಎಂದು ಬರೆದು, ಸಹಿ ಹಾಕಿದರು. ಇವಳೂ ಓದದೆ ಹಾಕಿದಳು, ಆಡಿದಳು, ಗೆದ್ದಳು.

ಮುಂದಿನ ತಿಂಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಆ ದಿನ ಮೇಷ್ಟ್ರು ಅಂಗಡಿಗೆ ಬಂದಾಗ ಸುಟ್ಟ ವಾಸನೆ ಬರುತ್ತಿತ್ತು. "ನಿಮ್ಮ ಅಂಗಿ ಸುಟ್ಟುಬಿಟ್ಟೆ ಸಾರ್," ಎಂದಳು ಅವಳು. ಹದಿನಾಲ್ಕು ವರ್ಷಗಳಲ್ಲಿ ಅವಳು ಸುಟ್ಟ ಮೊದಲನೆಯ ಬಟ್ಟೆ ಅದು. "ಮೇಲಿನ ತೂಕದ ಪಟ್ಟೀಲಿ ಕೊನೇ ಸಾಲಿಗೆ ಹಾಕಿದಾರೆ. ಕರಾರಲ್ಲಿ ಐವತ್ತೊಂಬತ್ತು ಅಂತ ಇತ್ತಲ್ಲ, ನಾನು ವರ್ಗ ಬಿಟ್ಟು ಹೋದೆ ಅಂತ ಅವರ ಲೆಕ್ಕ. ಫೋನ್ ಮಾಡಿದ್ರೆ, 'ಅಮ್ಮಾ, ನಾವು ಕಾಗದ ನೋಡ್ತೀವಿ, ಮುಖ ನೋಡಲ್ಲ' ಅಂದ್ರು. ಮನವಿ ಕೊಡೋದಿದ್ರೆ ಹದಿನೈದು ದಿನದೊಳಗೆ ಕೊಡ್ಬೇಕಂತೆ."

ಕೋಚ್ ಬಾಗಿಲ ಬಳಿ ತಲೆತಗ್ಗಿಸಿ ನಿಂತಿದ್ದರು. "ನನ್ನ ಕೈಗೆ ಬೆಂಕಿ ಹಾಕ. ಪಾಪ ಅನ್ನೋಕೆ ಹೋಗಿ ನಿನ್ನ ಕಾಲಿಗೆ ಕಲ್ಲು ಕಟ್ಟಿದೆ ಕಣಮ್ಮಾ."

"ಕಾಗದ ನೋಡೋರಿಗೆ ಕಾಗದವನ್ನೇ ತೋರಿಸೋಣ," ಎಂದರು ಮೇಷ್ಟ್ರು. "ಆ ದಿನ ನಿನ್ನ ತೂಕ ಎಷ್ಟಿತ್ತು?"

"ಐವತ್ತಾರು ಕಿಲೋ ಎಂಟುನೂರು ಗ್ರಾಮು."

"ಅದಕ್ಕೆ ಚೀಟಿ ಇದೆಯಾ?"

ಈಗ ಗಂಡ ಎದ್ದ. ಕೈಗೆ ಬಂದ ಯಾವ ವಸ್ತುವಿಗೂ ನಂಬರಿನ ಬಟ್ಟೆತುಂಡು ಚುಚ್ಚದೆ ಒಳಗಿಡುವ ರೂಢಿ ಆ ಅಂಗಡಿಯಲ್ಲಿ ಇರಲಿಲ್ಲ. ಅವಳ ತೂಕದ ಚೀಟಿಗಳಿಗೂ ಅವನು ತಾರೀಖು ಬರೆದು, ಗುಂಡಿಯ ಡಬ್ಬದ ಪಕ್ಕ ಪೋಣಿಸಿ ಇಟ್ಟಿದ್ದ. ಅರೆಗಳಿಗೆಯಲ್ಲಿ ಚೀಟಿ ಮೇಜಿನ ಮೇಲಿತ್ತು, ಮಂಡಳಿಯ ಮೇಲ್ವಿಚಾರಕರ ಸಹಿಯೊಡನೆ.

"ಮಡಚೋನು ಅಂತ ಆಡ್ಕೋತಿದ್ದೆಯಲ್ಲ," ಎಂದ ಅವನು ಅವಳಿಗೆ, ಚೀಟಿಯ ಸುಕ್ಕನ್ನು ಅಂಗೈಯಿಂದ ನೀವುತ್ತಾ.

ಮೇಷ್ಟ್ರು ಎರಡು ದಿನ ಕೂತು ನಾಲ್ಕು ಪುಟದ ಮನವಿ ಬರೆದು ತಂದರು. ಸಂಧಿ, ಸಮಾಸ, ಪೂರ್ಣವಿರಾಮ ಎಲ್ಲವೂ ಅಚ್ಚುಕಟ್ಟಾಗಿದ್ದವು. ಅವಳು ಓದಿ ಪೆನ್ಸಿಲು ಬೇಡಿದಳು.

"ಸಾರ್, ಇದು ಹನ್ನೆರಡು ರೌಂಡ್ ಆಯ್ತು. ಒಂದೇ ಹೊಡೆತ ಸಾಕು."

ಕೊನೆಗೆ ಉಳಿದದ್ದು ಆರು ವಾಕ್ಯ. ಮೇಷ್ಟ್ರಿಗೆ ತಮ್ಮ ಸಮಾಸಗಳು ಹೋದದ್ದಕ್ಕೆ ಚೂರು ಸಂಕಟವಾಯಿತು, ಆದರೆ ಈ ಹೊಸ ವಿದ್ಯಾರ್ಥಿನಿ ಹೇಳಿದ್ದು ಸರಿಯೆಂದು ಒಪ್ಪಿದರು. ಅವಳು ಆ ಬಸ್ಸಿನ ಹುಡುಗಿಗೂ ಫೋನ್ ಮಾಡಿದಳು. ಮೂರನೆಯ ದಿನ ಆ ಹುಡುಗಿಯ ಕೈಬರಹದ ಕಾಗದ ಬಂತು: "ತೂಕ ಹೆಚ್ಚಾಗಿದ್ದು ನನ್ನದು. ಅಕ್ಕ ತನ್ನ ತೂಕದಲ್ಲೇ ಇದ್ದರು. ಹೊಡೆತದಲ್ಲಿ ಮಾತ್ರ ಅವರದು ಕಡಿಮೆ ತೂಕ ಅಂತ ಗೊತ್ತಾಗಲಿಲ್ಲ."

ಹನ್ನೊಂದನೆಯ ದಿನ ಮನವಿ ಮಂಡಳಿಗೆ ತಲುಪಿತು. ಮುಂದಿನ ತಿಂಗಳ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯ ಸಾಲಿಗೇ ಹಿಂತಿರುಗಿತು. ಜೊತೆಯಲ್ಲಿ ಅರ್ಹತಾ ಪಂದ್ಯದ ಆದೇಶವೂ ಬಂತು. ಆ ಪಂದ್ಯದಲ್ಲಿ ಅವಳು ಆರನೆಯ ಸುತ್ತಿನಲ್ಲಿ ಒಮ್ಮೆ ಕೆಳಗೆ ಬಿದ್ದಳು, ಎದ್ದಳು. ಮೂವರು ತೀರ್ಪುಗಾರರಲ್ಲಿ ಇಬ್ಬರು ಅವಳ ಕಡೆಗೆ ಬರೆದರು.

ಈಗ ಗೋಡೆಯ ಮೇಲಿನ ಕಾಗದದಲ್ಲಿ ಒಂದನೆಯ ಸಾಲು ಖಾಲಿಯಿಲ್ಲ. ಚಾಂಪಿಯನ್‌ಗೆ ಅವಳೊಡನೆ ಪಂದ್ಯಕ್ಕೆ ಒಪ್ಪಿಕೊಳ್ಳಲು ಮೂವತ್ತು ದಿನ ಕೊಟ್ಟಿದ್ದಾರೆ, ಹತ್ತೊಂಬತ್ತು ಕಳೆದಿವೆ. ಒಪ್ಪದಿದ್ದರೆ ಪಂದ್ಯ ನಡೆಸುವ ಹಕ್ಕನ್ನು ಮಂಡಳಿ ಹರಾಜಿಗಿಡುತ್ತದೆ. ಆಗಲೂ ಚಾಂಪಿಯನ್ ಓಡಿದರೆ ಪಟ್ಟ ಬಿಟ್ಟೇ ಓಡಬೇಕು. ಅವಳು ಬೆಳಿಗ್ಗೆ ಹಗ್ಗ ಜಿಗಿಯುತ್ತಾಳೆ, ಹಗಲು ಇಸ್ತ್ರಿ ಹಿಡಿಯುತ್ತಾಳೆ. ಅಖಾಡದ ಉಳಿದವರು ಈಚೆಗೆ ಸಹಿ ಹಾಕುವ ಮುಂಚೆ ತಮ್ಮ ಕರಾರುಗಳನ್ನು ಅವಳ ಮೇಜಿಗೆ ತರುತ್ತಾರೆ. ಅವಳು ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಕೈ ಒರೆಸಿಕೊಂಡು, ತೂಕದ ಸಾಲಿನ ಮೇಲೆ ಬೆರಳಿಟ್ಟು ಜೋರಾಗಿ ಓದುತ್ತಾಳೆ. ಕೋಚ್ ಪಕ್ಕದಲ್ಲಿ ನಿಂತು, ಶಾಲೆಯ ಹುಡುಗನಂತೆ, ಅವಳು ಓದಿದ್ದನ್ನು ಇನ್ನೊಮ್ಮೆ ಓದಿ ಒಪ್ಪಿಸುತ್ತಾರೆ.