ಬಿದ್ದವನನ್ನು ಎತ್ತಬಾರದು

ಕಝುಯೊಗೆ ಐವತ್ತೇಳು ವರ್ಷ. ಅದರಲ್ಲಿ ಹದಿನಾಲ್ಕು ವರ್ಷ ಗಂಡನ ಬಾಯಿ ಮೂಸಿ ನೋಡುವುದರಲ್ಲೇ ಹೋಯಿತೆಂದರೆ ಉತ್ಪ್ರೇಕ್ಷೆಯೇನಲ್ಲ. ನಾಗಾಸಾಕಿಯ ಗುಡ್ಡದ ಮೇಲೆ, ಕಾರು ಹಾಗಿರಲಿ ಸೈಕಲ್ಲೂ ಹತ್ತದ ಮೆಟ್ಟಿಲ ಸಾಲಿನ ತುದಿಯಲ್ಲಿ ಅವರ ಮನೆ. ಆ ಕಾಲದಲ್ಲಿ ಗಂಡ ತೆತ್ಸುಜಿ ಎಷ್ಟು ಕುಡಿದು ಬರುತ್ತಿದ್ದಾನೆಂದು ಅವಳು ಒಳಗೆ ಕುಳಿತೇ, ಮೆಟ್ಟಿಲ ಮೇಲಿನ ಬೂಟಿನ ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು. ಹಗಲು ಮೀನಿನ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಈ ಕೆಲಸ.

ಅವಳನ್ನು ಉಳಿಸಿದ್ದು ಒಂದೇ ಒಂದು ಮಾತು. ಕುಡುಕರ ಮನೆಯವರಿಗೆಂದು ಆಸ್ಪತ್ರೆಯೊಂದರಲ್ಲಿ ತಿಂಗಳಿಗೊಂದು ಪಾಠ ನಡೆಯುತ್ತಿತ್ತು. ಅಲ್ಲಿನ ಮೇಡಂ ಹೇಳಿದ್ದರು: "ಬಿದ್ರೆ ಬಿದ್ದಲ್ಲೇ ಬಿಡಿ. ನೀವು ಎತ್ತಿ, ಮುಖ ತೊಳ್ಸಿ, ಹಾಸಿಗೆ ಮೇಲೆ ಮಲಗ್ಸಿದ್ರೆ ಬೆಳಗ್ಗೆ ಎದ್ದಾಗ ಏನೂ ನಡೆದೇ ಇಲ್ಲ ಅನ್ಸುತ್ತೆ ಅವ್ರಿಗೆ." ಕಝುಯೊ ಅದನ್ನು ವೇದವಾಕ್ಯದಂತೆ ಪಾಲಿಸಿದಳು. ಕಲ್ಲು ಮನಸ್ಸಿನವಳು ಎಂದು ಅಕ್ಕಪಕ್ಕದವರು ಆಡಿಕೊಂಡರೂ ಬಗ್ಗಲಿಲ್ಲ. ಜನವರಿಯ ಒಂದು ಬೆಳಗ್ಗೆ ತೆತ್ಸುಜಿಗೆ ಎಚ್ಚರವಾದಾಗ ಅವನು ಬಾಗಿಲೊಳಗೆ ಬೂಟು ಬಿಡುವ ಜಾಗದಲ್ಲಿ, ತನ್ನದೇ ವಾಂತಿಯಲ್ಲಿ ಬಿದ್ದಿದ್ದ. ಎದ್ದ, ನೆಲ ತಾನೇ ಒರೆಸಿದ, ಮೆಟ್ಟಿಲಿಳಿದು ಆಸ್ಪತ್ರೆಗೆ ಹೋಗಿ ಸೇರಿಕೊಂಡ. ಅದಾಗಿ ಒಂಬತ್ತು ವರ್ಷ. ಒಂದು ಹನಿ ಮುಟ್ಟಿರಲಿಲ್ಲ.

ಕುಡಿತಕ್ಕೆ ಬಲಿಯಾಗಿದ್ದ ಬಸ್ ಓಡಿಸುವ ಕೆಲಸ ಐದು ವರ್ಷದ ಮೇಲೆ ಇನ್ನೊಂದು ಸಣ್ಣ ಕಂಪನಿಯಲ್ಲಿ ಸಿಕ್ಕಿತು. ದಿನಾ ಬೆಳಗ್ಗೆ ಡಿಪೋದಲ್ಲಿ ಕುಡಿತ ಪತ್ತೆಹಚ್ಚುವ ಯಂತ್ರಕ್ಕೆ ಉಸಿರು ಊದಿ, ಸೊನ್ನೆ ಬಂದರೆ ಮಾತ್ರ ಬಸ್ಸಿನ ಕೀಲಿ. ಬಾಟಲಿ ಬಿಟ್ಟ ಬಾಯಿಗೆ ಏನಾದರೂ ಬೇಕಲ್ಲ. ಅವನು ಸಿಹಿಗೆ ಬಿದ್ದ. ಕಸುತೆರಾ ಕೇಕಿನ ಅಂಗಡಿಯಲ್ಲಿ ಅಂಚು ಕತ್ತರಿಸಿ ಚೀಲಗಟ್ಟಲೆ ಮಾರುತ್ತಾರೆ, ಅದನ್ನು ತಂದು ತಂದು ತಿಂದ. ಹೊಟ್ಟೆ ಬಂತು. ಕಝುಯೊಗೆ ಆ ಹೊಟ್ಟೆ ನೋಡಿದರೆ ಸಮಾಧಾನ. ಕುಡಿಯುವವನು ಕಡ್ಡಿಯಂತಿದ್ದ, ಇವನು ದುಂಡಗಿದ್ದಾನೆ, ಅಂದರೆ ಇವನು ಬೇರೆಯವನೇ ಅಂದುಕೊಂಡಿದ್ದಳು.

ಈ ಅಕ್ಟೋಬರಿನಲ್ಲಿ ಕಂಪನಿಯ ವರ್ಷದ ಆರೋಗ್ಯ ತಪಾಸಣೆಯ ಲಕೋಟೆ ಬಂತು. ಒಡೆದವಳು ಕಝುಯೊ. ಗಾಮಾ ಜಿಟಿಪಿ ನೂರಾ ಅರವತ್ತೆಂಟು, ಪಕ್ಕದಲ್ಲಿ ಕೆಂಪು ಗುರುತು. ತಾಯಂದಿರಿಗೆ ಮಕ್ಕಳ ಅಂಕ ಹೇಗೋ ಅವಳಿಗೆ, ಕುಡಿದರೆ ಏರುವ ಲಿವರಿನ ಈ ಲೆಕ್ಕ ಹಾಗೆ. ಹಳೆಯ ದಿನಗಳಲ್ಲಿ ಅದು ನಾನೂರು ದಾಟಿತ್ತು. ಕೆಳಗೆ ಇನ್ನೂ ಇತ್ತು: ಫ್ಯಾಟಿ ಲಿವರ್, ಸಕ್ಕರೆ, ರಕ್ತದೊತ್ತಡ, ಹೃದಯವನ್ನು ತಡಮಾಡದೆ ಪರೀಕ್ಷಿಸಿಕೊಳ್ಳತಕ್ಕದ್ದು. ಅವಳ ಕಣ್ಣು ಅಲ್ಲಿಗೆ ಇಳಿಯಲೇ ಇಲ್ಲ.

"ರೀ, ಎಷ್ಟು ದಿನದಿಂದ ನಡೀತಿದೆ ಇದು?"

"ಯಾವುದು?"

"ನಾಟಕ ಬೇಡ. ನೂರಾ ಅರವತ್ತೆಂಟು. ಇದೇನು ನೀರು ಕುಡಿದು ಬಂದಿದ್ದಾ?"

ತೆತ್ಸುಜಿಯ ಮುಖ ಬಿಳುಚಿಕೊಂಡಿತು. "ಇಲ್ಲ ಕಣೇ, ನಿನ್ನಾಣೆಗೂ ಮುಟ್ಟಿಲ್ಲ. ಕಂಪನಿ ನರ್ಸಮ್ಮನೂ ಹೇಳಿದ್ರು, ಕುಡೀದೆ ಇದ್ರೂ ಲಿವರ್‌ಗೆ ಕೊಬ್ಬು ಕಟ್ಟುತ್ತಂತೆ. ಅಲ್ಲಿ ಕಟ್ಟಿದೋರಿಗೆ ಹಾರ್ಟಿನ ನರದಲ್ಲೂ ಕಟ್ಟೋದು ಜಾಸ್ತಿ, ಹೋಗಿ ತೋರಿಸ್ಕೊಳ್ಳಿ ಅಂದ್ರು."

"ಆಗ ಹಲ್ಲುನೋವು ಅಂತ ಸುಳ್ಳು ಹೇಳ್ತಿದ್ರಿ, ಈಗ ಹಾರ್ಟಾ? ಪರವಾಗಿಲ್ಲ, ಮೇಲ್ಮೇಲೆ ಹೋಗ್ತಿದೀರ!"

ಅವಳು ಕೆಟ್ಟವಳಲ್ಲ. ಹದಿನಾಲ್ಕು ವರ್ಷ ಆಣೆ ಪ್ರಮಾಣ ಕೇಳಿ ಕೇಳಿ ಕಿವಿ ತೂತಾದವಳು. ಇನ್ನೊಂದು ಸಲ ಅದೆಲ್ಲ ಶುರುವಾದರೆ ತಾನು ಬದುಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಆ ಭಯವೇ ಅವಳ ಬಾಯಲ್ಲಿ ಮಾತಾಡುತ್ತಿತ್ತು.

ಮತ್ತೆ ಆ ಪುಣ್ಯಾತ್ಮನಾದರೂ ಏನು ಮಾಡಿದ! ಹೃದಯ ತೋರಿಸಲೆಂದು ಕಂಪನಿ ಒಂದು ದಿನ ರಜೆ ಕೊಟ್ಟಿತು. ಅವನು ಆಸ್ಪತ್ರೆಗೆ ಹೋಗಲಿಲ್ಲ, ಡಿಪೋಗೆ ಹೋದ. ಮ್ಯಾನೇಜರನ ಕೈಕಾಲು ಹಿಡಿದು, ಜನವರಿಯಿಂದ ತಾನು ಊದಿದ ಉಸಿರಿನ ದಾಖಲೆಯನ್ನೆಲ್ಲ ಅಚ್ಚು ಹಾಕಿಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದ. ಇನ್ನೂರು ಚಿಲ್ಲರೆ ದಿನ, ಸಾಲು ಸಾಲು ಸೊನ್ನೆ.

"ನೋಡು. ಒಂದಾದ್ರೂ ಬೇರೆ ಇದ್ರೆ ಹೇಳು."

ಕಝುಯೊ ಒಂದೊಂದೇ ಹಾಳೆ ತಿರುವಿದಳು. ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಇದೆಲ್ಲ ಬೆಳಗ್ಗೆದು," ಎಂದಳು. "ಸಂಜೆ ನಿಮ್ಮನ್ನ ಯಾರು ಊದಿಸಿದ್ರು?"

ಅವನು ಹಾಳೆಗಳನ್ನು ಒಟ್ಟು ಮಾಡಿ, ಅಂಚು ಸರಿಯಾಗಿ ಕೂಡುವಂತೆ ಮೇಜಿಗೆ ಎರಡು ಸಲ ಕುಟ್ಟಿ ಎತ್ತಿಟ್ಟ.

ಆಮೇಲೆ ಅವಳು ಹುಡುಕತೊಡಗಿದಳು. ಅಕ್ಕಿ ಡಬ್ಬಿ, ಸ್ನಾನದ ತೊಟ್ಟಿಯ ಹಿಂದೆ, ಹಾಸಿಗೆಗಳ ನಡುವೆ. ಬಾಟಲಿ ಸಿಗಲಿಲ್ಲ, ಹಿರಿಯರ ಪೂಜೆಯ ಗೂಡಿನ ಹಿಂದೆ ಕಸುತೆರಾದ ಖಾಲಿ ಚೀಲಗಳು ಸಿಕ್ಕವು. ಓಹೋ, ವಾಸನೆ ಮುಚ್ಚಲು ಇದು ಎಂದುಕೊಂಡಳು. ಹೆದರಿದ ಬುದ್ಧಿ ಎಲ್ಲದರಲ್ಲೂ ಸಾಕ್ಷಿ ಕಾಣುತ್ತದೆ.

ಕೆಳಗಿನ ಮನೆಯ ತೊಮೆ ಅಜ್ಜಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಹೇಳ್ಬಾರ್ದು ಅಂತಿದ್ದೆ ಕಣಮ್ಮ. ನಿನ್ನ ಯಜಮಾನ್ರು ಮೂರ್ನಾಲ್ಕು ದಿನದಿಂದ ಅರ್ಧ ಮೆಟ್ಲಲ್ಲೇ ಕೂತ್ಬಿಡ್ತಾರೆ. ಮೈಯೆಲ್ಲ ಬೆವರು. ಮಾತಾಡ್ಸಿದ್ರೆ ಬರೀ ಕೈ ಆಡ್ಸ್ತಾರೆ. ಮತ್ತೆ ಶುರುಹಚ್ಕೊಂಡ್ರೇನೇ?"

"ನನ್ಗೇನ್ ಗೊತ್ತಜ್ಜಿ, ಅವ್ರನ್ನೇ ಕೇಳಿ," ಎಂದು ಮೇಲೆ ಬಂದ ಕಝುಯೊ, ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಮೆಟ್ಟಿಲು ಹತ್ತುವಾಗ ಎದೆ ಹಿಂಡುವುದನ್ನು ತೆತ್ಸುಜಿ ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಇನ್ನೊಂದು ನಾಟಕ ಅನ್ನುತ್ತಾಳೆ ಎಂಬುದು ಅವನ ಲೆಕ್ಕ.

ನವೆಂಬರಿನ ಒಂದು ಗುರುವಾರ ಅವನದು ಬೆಳಗಿನ ಪಾಳಿ, ಅವಳಿಗೆ ಕಾರ್ಖಾನೆಗೆ ರಜೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ಸರಿದ ಸದ್ದಾಯಿತು, ಹಿಂದೆಯೇ ಧೊಪ್ಪೆಂದು ಏನೋ ಬಿತ್ತು. ಕಝುಯೊ ಬಂದು ನೋಡಿದಳು. ಅದೇ ಬೂಟು ಬಿಡುವ ಜಾಗ. ಒಂದು ಕಾಲಲ್ಲಿ ಬೂಟು, ಅಂಗಿಯ ಮೇಲೆ ವಾಂತಿ, ಬೆವರಿನಲ್ಲಿ ನೆನೆದ ಮುಖ.

"ಕಝು..." ಎಂದ. ನಾಲಿಗೆ ಹೊರಳಲಿಲ್ಲ.

ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಒಂಬತ್ತು ವರ್ಷ ಕಟ್ಟಿದ್ದೆಲ್ಲ ಕಾಲ ಕೆಳಗೆ ಕುಸಿದುಹೋದಂತಾಯಿತು. "ಅಂತೂ ತೋರಿಸ್ಬಿಟ್ರಿ," ಎಂದಳು. ಬಗ್ಗಲು ಹೋದ ಮೈಯನ್ನು ತಾನೇ ತಡೆದಳು. ಎತ್ತಿದರೆ ಇವನು ಇನ್ನೆಂದೂ ಏಳುವುದಿಲ್ಲ; ಆಗ ಉಳಿಸಿದ್ದು ಇದೇ, ಈಗ ಉಳಿಸುವುದೂ ಇದೇ. ಪ್ರೀತಿ ಇದ್ದುದರಿಂದಲೇ ಅವಳು ಒಳಬಾಗಿಲು ಎಳೆದುಕೊಂಡಳು. ಟೀವಿಯ ಸದ್ದು ಹೆಚ್ಚಿಸಿದಳು. ಮೂಲಂಗಿ ಹೆಚ್ಚತೊಡಗಿ, ಇಬ್ಬರಿಗೆ ಎರಡು ದಿನಕ್ಕಾಗುವಷ್ಟು ಹೆಚ್ಚಿದಳು. ಆಚೆಯಿಂದ ಬಾಗಿಲನ್ನು ಮೂರ್ನಾಲ್ಕು ಸಲ ಉಗುರಿನಿಂದ ಕೆರೆದದ್ದು ಕೇಳಿಸಿತು. ತುಟಿ ಕಚ್ಚಿಕೊಂಡಳು. ಆಮೇಲೆ ಕೆರೆತ ನಿಂತಿತು.

ಹಳೆಯ ದಿನಗಳಲ್ಲಿ ಕೆರೆತ ನಿಂತ ಮೇಲೆ ಗೊರಕೆ ಶುರುವಾಗುತ್ತಿತ್ತು. ಅವಳು ಟೀವಿ ಆರಿಸಿ ಗೊರಕೆಗಾಗಿ ಕಿವಿಗೊಟ್ಟಳು. ಬರಲಿಲ್ಲ. ಬಾಗಿಲು ತೆಗೆದು, ಮಂಡಿಯೂರಿ, ಅವನ ಬಾಯಿಗೆ ಮೂಗು ಹಿಡಿದಳು. ಹದಿನಾಲ್ಕು ವರ್ಷ ಪಳಗಿದ ಮೂಗು ಅದು, ಹೆಂಡದ ಹನಿಯಿದ್ದರೂ ಹಿಡಿಯುತ್ತಿತ್ತು. ಇರಲಿಲ್ಲ. ವಾಂತಿಯ ಹುಳಿ, ಕಸುತೆರಾದ ಮೊಟ್ಟೆ, ಸಕ್ಕರೆ. ಕೈ ತಣ್ಣಗಿತ್ತು, ತುಟಿ ನೀಲಿಗಟ್ಟಿತ್ತು, ಉಸಿರು ಎಲ್ಲೋ ಆಳದಲ್ಲಿ ಎಳೆಯುತ್ತಿತ್ತು.

ಅವಳು ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಕೆಳಗಿನ ರಸ್ತೆಯಲ್ಲೇ ನಿಲ್ಲಬೇಕಾಯಿತು. ಮೂವರು ಓಡಿ ಹತ್ತಿ ಬಂದು ಅವನನ್ನು ಸ್ಟ್ರೆಚರಿಗೆ ಕಟ್ಟಿ ಇಳಿಸತೊಡಗಿದರು. ಕಝುಯೊ ಬರಿಗಾಲಲ್ಲಿ ಹಿಂದೆ ಇಳಿದಳು. ಆ ಮೂವರಲ್ಲಿ ಬದಿಯಲ್ಲಿ ಇಳಿಯುತ್ತಿದ್ದ ಹಿರಿಯವನು ಕೇಳಿದ:

"ಅಮ್ಮಾ, ಕುಡ್ದಿದ್ರಾ?"

"ಇಲ್ಲ!" ಅವಳ ಕೂಗು ಗುಡ್ಡಕ್ಕೆಲ್ಲ ಕೇಳಿಸಿತು. "ಕುಡಿಯಲ್ಲ ಅವ್ರು. ಒಂಬತ್ತು ವರ್ಷದಿಂದ ಕುಡಿದಿಲ್ಲ!"

ಈ ಒಂದು ಮಾತಿಗಾಗಿ ತೆತ್ಸುಜಿ ತಿಂಗಳಿಂದ ಕಾದಿದ್ದ. ಈಗ ಅವನ ಕಣ್ಣು ಮುಚ್ಚಿತ್ತು.

"ಇದು ಹಾರ್ಟಿಂದು. ಯಾವಾಗ ಬಿದ್ರು ಅಂತ ಸರಿಯಾಗಿ ಹೇಳ್ಬೇಕಮ್ಮ, ಡಾಕ್ಟ್ರು ಅದನ್ನೇ ಮೊದ್ಲು ಕೇಳೋದು. ನೀವು ನೋಡಿದ್ದೆಷ್ಟು ಹೊತ್ತಿಗೆ?"

ಈಗ ತಾನೇ ನೋಡಿದೆ ಎನ್ನಬಹುದಿತ್ತು. ತೊಮೆ ಅಜ್ಜಿ ಬೇರೆ ತನ್ನ ಬಾಗಿಲಲ್ಲಿ ಬಾಯಿಗೆ ಕೈಯಿಟ್ಟು ನಿಂತಿದ್ದಳು.

"ಮೂರು ಗಂಟೆಗೆ," ಎಂದಳು ಕಝುಯೊ. "ಬಿದ್ದ ತಕ್ಷಣ ನೋಡ್ದೆ. ನೋಡಿ, ಬಾಗ್ಲು ಹಾಕ್ಕೊಂಡೆ."

ಅವನು ಕೈಗಡಿಯಾರ ನೋಡಿದ. ನಾಲ್ಕಕ್ಕೆ ಐದು ನಿಮಿಷವಿತ್ತು. ಅವಳ ಮುಖ ನೋಡದೆ ಬರೆದುಕೊಂಡ, ಆಮೇಲೆ ಕೆಳಗಿನವರಿಗೆ, "ಇನ್ನೂ ಬೇಗ ಇಳಿಸ್ರೋ," ಎಂದು ಕೂಗಿದ.