ಅತ್ತಿಗೆಯ ಸೂಜಿ ಮತ್ತು ಸಕ್ಕರೆಕಡ್ಡಿ ಮೀನು

ನನ್ನ ಅತ್ತಿಗೆಯನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಒಂದೇ ಸೂರಿನಡಿ ಎರಡು ಒಲೆ, ಒಂದೇ ಅಂಗಳದಲ್ಲಿ ಬಟ್ಟೆ ಒಣಹಾಕಲು ಎರಡು ಹಗ್ಗ. ಗಂಡ ಸತ್ತ ಮೇಲೆ ಮಗನನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದವಳು ನಾನು. ಬಂದ ವರ್ಷವೇ ಅವಳ ಜೊತೆ ಮಾತು ಬಿಟ್ಟೆ. ಕಾರಣವಿತ್ತು, ಹೇಳುತ್ತೇನೆ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ದಡದ ಮೇಲಿನ ಮೀನಿನ ಶೆಡ್ಡಿನಲ್ಲಿ. ತಿನ್ನುವ ಮೀನಲ್ಲ, ದೊಡ್ಡವರ ಮನೆಯ ಗಾಜಿನ ತೊಟ್ಟಿಯಲ್ಲಿ ಓಡಾಡುವ ಬಣ್ಣದ ಮೀನು. ಸಾಲಾಗಿ ತೊಟ್ಟಿಗಳು, ಹಗಲಿಡೀ ಗುರುಗುಡುವ ಪಂಪುಗಳು, ಯಾವತ್ತೂ ಒಣಗದ ನೆಲ. ನನ್ನದು ಚೀಲ ಕಟ್ಟುವ ಕೆಲಸ: ಪ್ಲಾಸ್ಟಿಕ್ ಚೀಲಕ್ಕೆ ನೀರು, ಮೀನು, ಆಮೇಲೆ ಸಿಲಿಂಡರಿನಿಂದ ಗಾಳಿ, ಬಾಯಿಗೆ ಎರಡು ರಬ್ಬರ್ ಬ್ಯಾಂಡು. ಅವಳು ನನ್ನೆದುರಿಗೆ, ಬಾಗಿಲ ಪಕ್ಕದ ಮೇಜಿನಲ್ಲಿ ಸೂಜಿ ಹಿಡಿದು ಕೂರುತ್ತಿದ್ದಳು.

ಸೂಜಿ ಯಾಕೆಂದರೆ, ಆಳದ ಮೀನಿನ ಹೊಟ್ಟೆಯೊಳಗೆ ಒಂದು ಗಾಳಿಚೀಲವಿರುತ್ತದೆ. ಮೀನನ್ನು ಸರ್ರನೆ ಮೇಲೆ ತಂದರೆ ಅದು ಉಬ್ಬಿ, ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಪಕ್ಕದ ರೆಕ್ಕೆಯ ಹಿಂದೆ, ಹುರುಪೆಯ ಅಡಿಗೆ ಸೂಜಿಯನ್ನು ಓರೆಯಾಗಿ ತೂರಿಸಿದರೆ ಗಾಳಿ ಹೊರಬಂದು ಮೀನು ಸರಿಹೋಗುತ್ತದೆ. ನೆಟ್ಟಗೆ ಚುಚ್ಚಿದರೆ ಕರುಳಿಗೆ ತಗುಲಿ ಸಾಯುತ್ತದೆ. ಅತ್ತಿಗೆಯ ಕೈಯಲ್ಲಿ ಮೀನು ಸತ್ತದ್ದನ್ನು ನಾನು ನೋಡಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸುತ್ತಿದ್ದಳು. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಒಪ್ಪುತ್ತೇನೆ.

ಸೂಜಿ ಬರುವ ಮುಂಚೆ ಬೇರೆ ಪದ್ಧತಿಯಿತ್ತು. ಮುಳುಗುಗಾರ ಮೀನಿನ ಬುಟ್ಟಿಯನ್ನು ಹಗ್ಗಕ್ಕೆ ಕಟ್ಟಿ, ದೊಡ್ಡ ಮೀನುಗಳು ಬಂದು ಬುಟ್ಟಿ ಹರಿಯದಂತೆ ತಾನೂ ಪಕ್ಕದಲ್ಲೇ ಇದ್ದು, ನಾಲ್ಕು ಮಾರು ಏರಿ ನಿಲ್ಲುವುದು, ಮತ್ತೆ ನಾಲ್ಕು ಮಾರು ಏರುವುದು. ಮೀನಿಗೂ ಮನುಷ್ಯನಿಗೂ ಮೈಯೊಳಗಿನ ಗಾಳಿ ಇಳಿಯಲು ಹೊತ್ತು ಸಿಗುತ್ತಿತ್ತು. ಒಂದು ಮೀನಿಗೆ ಅರ್ಧ ದಿನ ಹಿಡಿಯುತ್ತಿತ್ತು. ಅತ್ತಿಗೆಯ ಕೈಚಳಕ ನೋಡಿದ ಶೆಡ್ಡಿನ ಯಜಮಾನ, "ಇನ್ನು ಯಾಕೆ ಹಗ್ಗದಲ್ಲಿ ಜೋತಾಡೋದು? ನೇರ ಮೇಲೆ ಬನ್ನಿ, ಇವಳು ಚುಚ್ತಾಳೆ" ಎಂದ. ಸರಿ, ಮೀನಿಗೆ ಸೂಜಿಯಿತ್ತು. ಮನುಷ್ಯನ ರಕ್ತದಲ್ಲಿ ಏಳುವ ಗುಳ್ಳೆಗೆ ಯಾವ ಸೂಜಿ?

ಹಾಗೆ ಮೊದಲು ಅರವತ್ತು ಮಾರು ಆಳದ ಹವಳದ ಬಂಡೆಗೆ ಇಳಿದವನು ನನ್ನ ಅಣ್ಣ, ಸಕ್ಕರೆಕಡ್ಡಿಗಾಗಿ. ಅದು ನಾವಿಟ್ಟ ಹೆಸರು. ಅಂಗೈಯಗಲದ ಮೀನು, ಮೈತುಂಬ ಕೆಂಪು ಬಿಳಿ ಪಟ್ಟೆ, ಅಂಗಡಿಯ ಡಬ್ಬದಲ್ಲಿನ ಮಿಠಾಯಿಯ ಹಾಗೆ. ಬೆಳಕೇ ಸರಿಯಾಗಿ ಇಳಿಯದ ಕಡೆ ಅಷ್ಟು ಬಣ್ಣ ಯಾರಿಗೆ ತೋರಿಸಲೋ ಕಾಣೆ. ಅಣ್ಣ ನೇರ ಮೇಲೆ ಬಂದ. ದೋಣಿಯಿಂದ ಇಳಿದು, ನಗುತ್ತ ನಾಲ್ಕು ಹೆಜ್ಜೆ ಹಾಕಿ ಕುಸಿದ. ಆ ಕಾಲುಗಳ ಮೇಲೆ ಮತ್ತೆ ನಿಂತಿಲ್ಲ. ಅವನನ್ನು ಆಸ್ಪತ್ರೆಗೆ ಹೊತ್ತೊಯ್ಯುವಾಗ ಅತ್ತಿಗೆ ಮೇಜಿನ ಮುಂದೆ ಆ ಮೀನಿಗೆ ಸೂಜಿ ಹಾಕುತ್ತಿದ್ದಳು. ಮೀನು ಬದುಕಿತು.

ಅವತ್ತಿನಿಂದ ಅಣ್ಣ ಅವಳ ಜೊತೆ ಮಾತಾಡಿಲ್ಲ. ಮಂಚದ ಮೇಲೆ ಗೋಡೆ ಕಡೆ ತಿರುಗಿ, "ಆ ಸೂಜಿಯವಳಿಗೆ ಹೇಳು, ನೀರು ಬೇಕು" ಎನ್ನುತ್ತಾನೆ. ಅವಳು ಮೂರಡಿ ದೂರದಲ್ಲೇ ಇರುತ್ತಾಳೆ. ನಾನು ಲೋಟ ಕುಕ್ಕುತ್ತೇನೆ, ಅವಳು ತುಂಬುತ್ತಾಳೆ. ಹನ್ನೊಂದು ವರ್ಷ ಹೀಗೇ ನಡೆಯಿತು. ಅಣ್ಣನ ಕಾಲು ಹೋದದ್ದು ಸಮುದ್ರದಿಂದಲ್ಲ, ಅವಳ ಕಾಲ್ಗುಣದಿಂದ ಎಂದು ನಾನು ನಂಬಿಕೊಂಡಿದ್ದೆ. ಹಾಗೆ ನಂಬುವುದು ಸುಲಭವಾಗಿತ್ತು.

ಅಣ್ಣನ ನಂತರ ಅಷ್ಟು ಆಳಕ್ಕೆ ಯಾರೂ ಇಳಿದಿರಲಿಲ್ಲ. ಮೇಲಿನ ಬಂಡೆಗಳ ಮೀನಿನಲ್ಲೇ ಶೆಡ್ಡು ನಡೆಯುತ್ತಿತ್ತು. ಈಗ ಯಾರೋ ದೂರದ ದೊರೆ ಸಕ್ಕರೆಕಡ್ಡಿಯೇ ಬೇಕು, ಎಷ್ಟು ಸಿಕ್ಕರೂ ಕಳಿಸಿ ಎಂದ. "ಈಗಿನ ಸಿಲಿಂಡರುಗಳೇ ಬೇರೆ, ಏನೂ ಆಗಲ್ಲ" ಎಂದು ಯಜಮಾನ, ಆಗಲೇ ಮುಳುಗುಗಾರನಾಗಿದ್ದ ನನ್ನ ಮಗನನ್ನು ಆರಿಸಿದ. ಒಂದು ಮೀನು ಜೀವಂತ ಬಂದರೆ ಅವನೇ ದೋಣಿಯ ಮುಖಂಡ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಸಂಜೆ ಅತ್ತಿಗೆ ನನ್ನ ಒಲೆಯ ಹತ್ತಿರ ಬಂದು ನಿಂತಳು.

"ಅವನನ್ನ ಕಳಿಸಬೇಡ. ಕಳಿಸೋದಾದ್ರೆ ಹಗ್ಗದಲ್ಲೇ ಮೇಲೆ ಬರಲಿ ಅನ್ನು."

"ನಿನ್ನ ಕೈ ಸರಿಯಾಗಿದ್ರೆ ಸಾಕು. ಉಳಿದದ್ದು ನನ್ನ ಮಗ ನೋಡ್ಕೋತಾನೆ."

"ಅವನ ಮಾವನೂ ಹೀಗೇ ಅಂದಿದ್ರು."

"ಬಾಯಿ ಮುಚ್ಚು! ಅಣ್ಣನ ಕಾಲು ತಿಂದದ್ದು ಸಾಲದಾ ನಿನಗೆ?"

ಒಳಗಿನಿಂದ ಮಗ ಕೂಗಿದ, "ಅತ್ತೆಗೆ ಹೊಟ್ಟೆಕಿಚ್ಚು, ಬಿಡಮ್ಮಾ!"

ಅವಳು ಉಕ್ಕುತ್ತಿದ್ದ ನನ್ನ ಪಾತ್ರೆಯ ಮುಚ್ಚಳ ಸರಿಸಿಟ್ಟು ಹೋದಳು. ನನ್ನ ಪಾತ್ರೆ ಮುಟ್ಟಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಮೊದಲ ಸಲ ಮಗ ನೇರ ಮೇಲೆ ಬಂದ. ಭುಜ ಸ್ವಲ್ಪ ನೋವು, ಅಷ್ಟೇ ಎಂದ. ಬುಟ್ಟಿಯಲ್ಲಿ ಉಬ್ಬಿದ ಸಕ್ಕರೆಕಡ್ಡಿ. ಇಡೀ ಶೆಡ್ಡು ಮೇಜಿನ ಸುತ್ತ ನೆರೆಯಿತು. ಅತ್ತಿಗೆ ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಚುಚ್ಚಿದಳು. ಅದು ಒಮ್ಮೆ ನಡುಗಿ ಸತ್ತಿತು. "ಕೈ ಜಾರಿತು" ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವಳನ್ನು ಶಪಿಸಿದೆ.

ವಾರದ ನಂತರ ಎರಡನೆಯ ಮೀನು. ಆ ಸಲ ಮಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ, ನನ್ನನ್ನು ಕರೆದ. ನಾನು ಹಾಕಿಕೊಟ್ಟು, ಮೀನು ನೋಡಲು ಓಡಿದೆ. ಹೌದು, ಓಡಿದೆ. ತಾಯಿ ಎನಿಸಿಕೊಂಡವಳು.

ಎರಡನೆಯದೂ ಸತ್ತಿತು. ಯಜಮಾನ ಮೇಜು ಗುದ್ದಿದ.

"ಆ ಸಲ ಬದುಕಿಸಿದ್ದೆಯಲ್ಲ, ಈಗೇನು ಬಂತು?"

"ಆಗಿನ ಕೈ ಈಗಿಲ್ಲ ಯಜಮಾನ್ರೇ. ಈ ಮೀನಿನ ಚರ್ಮ ಬೇರೆ ದಪ್ಪ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹನ್ನೊಂದು ವರ್ಷ ಎದುರು ಕೂತು ನೋಡಿದ ಕಣ್ಣು ನನ್ನದು. ಅವಳ ಕೈ ನಡುಗಿರಲಿಲ್ಲ, ಜಾರಿರಲಿಲ್ಲ. ಗೋಡೆಗೆ ಮೊಳೆ ಇಟ್ಟ ಹಾಗೆ ಸೂಜಿಯನ್ನು ನೆಟ್ಟಗೆ ಹಿಡಿದಿದ್ದಳು. ಬೇಕೆಂದೇ ಕೊಂದಿದ್ದಳು.

ನಾನು ಅವಳ ಕೈಗೆ ಹೊಡೆದೆ. ಸೂಜಿಯಿಟ್ಟಿದ್ದ ತಟ್ಟೆ ಉರುಳಿತು. "ಪಾಪಿ! ನನ್ನ ಮಗನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ! ಯಜಮಾನ್ರೇ, ಇವಳು..." ಉಳಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹಿಂದೆ ಏನೋ ಬಿದ್ದು ಉರುಳಿತು. ನೀರು ಕುಡಿಯುತ್ತಿದ್ದ ಮಗನ ಎಡಗೈಯಿಂದ ಲೋಟ ಜಾರಿತ್ತು. ಅವನು ಬಗ್ಗಿ ಎತ್ತಲು ನೋಡಿದ, ಬೆರಳು ಮಡಿಯಲಿಲ್ಲ. ಅವನ ಮುಖದಲ್ಲಿ ಅಣ್ಣನ ಆ ದಿನದ ನಗುವೇ ಇತ್ತು.

ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು.

"...ಇವಳ ಕೈ ಸತ್ತುಹೋಗಿದೆ!" ಎಂದು ಕಿರುಚಿದೆ. "ಇವಳನ್ನ ನಂಬಿದ್ರೆ ಒಂದು ಮೀನೂ ಉಳಿಯಲ್ಲ. ಹಳೇ ಹಗ್ಗವೇ ವಾಸಿ!"

ಆ ಸೂಜಿ ವಿದ್ಯೆ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವಳು ಯಾರಿಗೂ ಕಲಿಸಿರಲಿಲ್ಲ. ಯಜಮಾನ ಗೊಣಗುತ್ತ ಹಗ್ಗಕ್ಕೆ ಒಪ್ಪಿದ. ಅತ್ತಿಗೆಯನ್ನು ಅಲ್ಲೇ ಕೆಲಸದಿಂದ ತೆಗೆದ. ನೆಲಕ್ಕೆ ಬಿದ್ದಿದ್ದ ಸೂಜಿಯನ್ನು ಹುಡುಕಿಕೊಂಡು ಅವಳು ಹೊರಟಳು.

ಆಸ್ಪತ್ರೆಯವರು ಮಗನನ್ನು ಎರಡು ತಿಂಗಳು ನೀರಿಗಿಳಿಯಲು ಬಿಡಲಿಲ್ಲ. "ಇನ್ನೊಂದು ಸಲ ಹೀಗೆ ಬಂದಿದ್ರೆ ಕಾಲು ಹೋಗ್ತಿತ್ತು" ಎಂದರು. ಬೆರಳು ಮೆಲ್ಲಗೆ ಸರಿಹೋಯಿತು. ಆಮೇಲೆ ಅವನು ಎಲ್ಲರನ್ನೂ ಬೈಯುತ್ತ ಅರ್ಧ ದಿನ ಹಗ್ಗದ ಮೇಲೆ ನಿಂತು ನಿಂತು ಮೇಲೆ ಬಂದ. ಬುಟ್ಟಿಯಲ್ಲಿ ಸಕ್ಕರೆಕಡ್ಡಿ ತಾನೇ ತಾನಾಗಿ ಈಜುತ್ತಿತ್ತು. ಅದರ ಚೀಲ ನಾನೇ ಕಟ್ಟಿದೆ. ಅಂದಕ್ಕೇನೂ ಕಡಿಮೆಯಿಲ್ಲ, ಹಾಳು ಮೀನು.

ಅವತ್ತು ಮನೆಗೆ ಬಂದು ಅವಳ ಒಲೆಯ ಮುಂದೆ ನಿಂತೆ. "ನೆಟ್ಟಗೆ ಹಿಡಿದೆ. ನಾನು ನೋಡಿದೆ."

"ನೋಡಿದ್ರೆ ಸುಮ್ಮನಿರು. ಗೊತ್ತಾದ್ರೆ ಮತ್ತೆ ಓರೆ ಹಿಡಿ ಅಂತಾರೆ."

"ಅಣ್ಣ ಇಳಿಯೋ ಮುಂಚೆ ಯಾಕೆ ನೆಟ್ಟಗೆ ಹಿಡೀಲಿಲ್ಲ?" ಕೇಳಬಾರದಿತ್ತು. ನನ್ನ ನಾಲಿಗೆಯೇ ಅಂಥದ್ದು.

ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿದಳು. "ಆಗ ಗೊತ್ತಿದ್ದಿದ್ರೆ ಹಿಡೀತಿರ್ಲಿಲ್ವಾ?"

ನಮ್ಮ ಒಲೆಗಳು ಇಂದಿಗೂ ಎರಡೇ. ಋಣ ಬೇರೆ, ಇಷ್ಟ ಬೇರೆ. ಶೆಡ್ಡಿನಲ್ಲಿ ಅವಳ ಮಾತು ಬಂದಾಗಲೆಲ್ಲ ಕೈ ಸತ್ತವಳೆಂದು ಎಲ್ಲರಿಗಿಂತ ಜೋರಾಗಿ ಬೈಯುವವಳು ನಾನೇ. ಬೈಯದಿದ್ದರೆ ಯಜಮಾನನಿಗೆ ಅನುಮಾನ ಬಂದೀತು. ಅಣ್ಣ ಇನ್ನೂ ಗೋಡೆಗೇ ಮಾತಾಡುತ್ತಾನೆ. ಮಗನಿಗೂ ಹೇಳಿಲ್ಲ, ಅವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ತನ್ನ ಎರಡು ಮೀನು ಕೊಂದವಳೆಂದು ದಿನಾ ಬೆಳಿಗ್ಗೆ ಅವಳ ಮುಖ ನೋಡದೆ ಅಂಗಳ ದಾಟಿ ಹೋಗುತ್ತಾನೆ. ಬಟ್ಟೆ ಹಿಂಡುತ್ತಿರುವ ಅವಳೂ ತಲೆಯೆತ್ತಿ ಅವನ ಮುಖ ನೋಡುವುದಿಲ್ಲ. ಅವನು ಗೇಟು ದಾಟುವವರೆಗೆ ಅವನ ಕಾಲುಗಳನ್ನೇ ನೋಡುತ್ತಿರುತ್ತಾಳೆ.